ಹದಿಮೂರು ವರ್ಷ ಎಲ್ಲಿ ಹೋದವು: ಗದಗಿನ ಮುದ್ರಣ ಕಾರ್ಮಿಕರೊಬ್ಬರ ನಿವೃತ್ತಿಯ ಪ್ರಕರಣ

2023ರ ಜೂನ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕಾಕಾ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಒಂದು ತಗಡಿನ ಪೆಟ್ಟಿಗೆ. ಕೆಲಸದಿಂದ ನಿವೃತ್ತರಾಗಿ ಆಗ ನಾಲ್ಕು ದಿನವಾಗಿತ್ತು. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಯವ್ವಾ, ನಲವತ್ತು ವರ್ಷದ ಕಾಗದ ಇದರಲ್ಲಿವೆ. ಯಾವುದು ಬೇಕೋ ತೆಗೆದುಕೋ" ಎಂದರು.

ನಾನು ಗದಗಿನಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಓಣಿಯವರ ಪಿಎಫ್, ಪಿಂಚಣಿ ಅರ್ಜಿಗಳನ್ನು ತುಂಬಿಕೊಡುವುದು ನನ್ನ ತಂದೆಯ ಕಾಲದಿಂದಲೂ ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ಕಾಕಾ ನನಗೆ ರಕ್ತಸಂಬಂಧಿಯಲ್ಲ, ಓಣಿಯ ಹಿರಿಯರು. ಅವರ ಮನೆಯವರನ್ನು ಚಿಗವ್ವ ಎಂದು ಕರೆಯುತ್ತೇನೆ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಕಾಕಾ ದುಡಿದ ಮುದ್ರಣಾಲಯದ ಹೆಸರನ್ನಾಗಲಿ ಬರೆಯುವುದಿಲ್ಲ.

ಸರಕಾರಿ ನೌಕರರು ನಿವೃತ್ತರಾಗುವ ಎಷ್ಟೋ ತಿಂಗಳು ಮೊದಲೇ ಅವರ ಪಿಂಚಣಿಯ ಕಡತ ಕಚೇರಿಯಲ್ಲಿ ಓಡಾಡಲು ಶುರುವಾಗುತ್ತದೆ. ಖಾಸಗಿಯಲ್ಲಿ ದುಡಿದವರ ಕಡತವನ್ನು ತೆರೆಯುವವರು ಯಾರು? ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅವರೇ ತೆರೆಯಬೇಕು. ಕಾಕಾ ಅವರ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಟ್ಟರೆ ಇಂಥದೇ ಪೆಟ್ಟಿಗೆ ಇಟ್ಟುಕೊಂಡಿರುವ ಇನ್ನೊಬ್ಬರಿಗೆ ದಾರಿ ಕಂಡೀತು ಎಂಬ ಆಸೆ ನನ್ನದು.

ಮೊಳೆ ಜೋಡಿಸಿದ ಕೈ

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಪಂಚಾಂಗ, ಪುರಾಣ, ಶಾಲೆಯ ಪುಸ್ತಕ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಎಲ್ಲವೂ ಇಲ್ಲಿಂದ ಅಚ್ಚಾಗಿ ಊರೂರಿಗೆ ಹೋಗಿವೆ. ಏಳನೆಯ ತರಗತಿ ಮುಗಿಸಿದ್ದ ರೋಣ ತಾಲ್ಲೂಕಿನ ಹುಡುಗನೊಬ್ಬ 1983ರ ಜೂನ್‌ನಲ್ಲಿ, ಹದಿನೆಂಟನೆಯ ವಯಸ್ಸಿಗೆ, ಇಂಥ ಒಂದು ಮುದ್ರಣಾಲಯಕ್ಕೆ ಬಂದು ಸೇರಿದ. ಮೊದಲ ಆರು ತಿಂಗಳು ಕಸ ಗುಡಿಸುವುದು, ಅಚ್ಚಾದ ಮೇಲೆ ಮೊಳೆಗಳನ್ನು, ಅಂದರೆ ಅಚ್ಚಿಗೆ ಜೋಡಿಸುವ ಸೀಸದ ಅಕ್ಷರಗಳನ್ನು, ಸೀಮೆಎಣ್ಣೆಯಲ್ಲಿ ತೊಳೆದು ಪೆಟ್ಟಿಗೆಯಲ್ಲಿನ ಅವುಗಳ ಮನೆಗಳಿಗೆ ಮರಳಿ ತುಂಬುವುದು. ಆಮೇಲೆ ಮೊಳೆ ಜೋಡಿಸುವ ಕೆಲಸ.

ಆ ಕೆಲಸದ ಬಗ್ಗೆ ಕಾಕಾ ಹೇಳುವಾಗ ಕೇಳುತ್ತ ಕೂತುಬಿಡಬೇಕು ಅನ್ನಿಸುತ್ತದೆ. ಇಂಗ್ಲಿಷಿಗಿಂತ ಕನ್ನಡದ ಪೆಟ್ಟಿಗೆಯಲ್ಲಿ ಮನೆಗಳು ಬಹಳ ಹೆಚ್ಚು, ಏಕೆಂದರೆ ಕಾಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಮೊಳೆ ಬೇಕು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಜೋಡಿಸುವವನು ಅದನ್ನು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದುತ್ತಾನೆ. ಹತ್ತು ವರ್ಷ ಹಾಗೆ ಓದಿದವರ ಕಣ್ಣಿಗೆ ನೇರ ಅಕ್ಷರ, ತಲೆಕೆಳಗಾದ ಅಕ್ಷರ ಎಂಬ ಭೇದವೇ ಉಳಿಯುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ತೊಂಬತ್ತರ ದಶಕದಲ್ಲಿ ಅಲ್ಲಿಗೆ ಆಫ್‌ಸೆಟ್, ಅಂದರೆ ಮೊಳೆಯ ಬದಲು ಪ್ಲೇಟಿನಿಂದ ಅಚ್ಚು ಹಾಕುವ ಯಂತ್ರ, ಬಂತು. ಮೊಳೆಗಳನ್ನು ಸೀಸದ ತೂಕಕ್ಕೆ ಮಾರಿದರು. ಮೂವತ್ತು ದಾಟಿದ ಕಾಕಾ ಮತ್ತೆ ಮೊದಲಿನಿಂದ ಕಲಿತರು: ಪ್ಲೇಟು ಕೂಡಿಸುವುದು, ಶಾಯಿ ಮತ್ತು ನೀರಿನ ಹದ ಕಾಯುವುದು, ನಾಲ್ಕು ಬಣ್ಣಗಳು ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಬೀಳಿಸುವುದು. ಕೊನೆಯ ಇಪ್ಪತ್ತೈದು ವರ್ಷ ಅವರು ಆ ಯಂತ್ರದ ಮುಂದೆಯೇ ನಿಂತಿದ್ದರು. ನಿವೃತ್ತಿಯ ವೇಳೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಉಳಿದ ಭತ್ಯೆ ಕೂಡಿ, ಪಿಎಫ್ ಕಳೆದು ಕೈಗೆ ಬರುತ್ತಿದ್ದುದು ಹದಿನಾಲ್ಕು ಸಾವಿರದ ಮೇಲೆ ಸ್ವಲ್ಪ.

ಮೇ 31ರಂದು ಮುದ್ರಣಾಲಯದಲ್ಲಿ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಒಂದು ಗೋಡೆ ಗಡಿಯಾರ ಕೊಟ್ಟು ಕಳುಹಿಸಿದರು. ಎಲ್ಲರೂ ಒಳ್ಳೆಯ ಮಾತುಗಳನ್ನೇ ಆಡಿದರು. ಕಾಕಾ ಅದನ್ನು ತುಂಬು ಮನಸ್ಸಿನಿಂದ ನೆನೆಯುತ್ತಾರೆ, ಆ ಮಾತುಗಳು ಸುಳ್ಳೆಂದು ನಾನೂ ಹೇಳುವುದಿಲ್ಲ.

ಮೂರು ಗಂಟು

ಪೆಟ್ಟಿಗೆಯಲ್ಲಿ ಸುತಳಿಯಿಂದ ಕಟ್ಟಿದ ಸಂಬಳದ ಚೀಟಿಗಳು, ಪಿಎಫ್ ಚೀಟಿಗಳು, ಅವರ ಲಗ್ನಪತ್ರಿಕೆ, ಪಡಿತರ ಚೀಟಿಯ ನಕಲು, ಬಟ್ಟೆಯಲ್ಲಿ ಸುತ್ತಿದ ನಾಲ್ಕು ಸೀಸದ ಮೊಳೆಗಳು ಇದ್ದವು. ಮೊಳೆಗಳು ಅವರ ಹೆಸರಿನ ಅಕ್ಷರಗಳು. ಎಲ್ಲವನ್ನೂ ಹರಡಿಕೊಂಡು ಕೂತಾಗ ಮಧ್ಯಾಹ್ನದ ಹೊತ್ತಿಗೆ ಮೂರು ಗಂಟು ಕಾಣಿಸಿದವು.

ಮೊದಲನೆಯದು ವಯಸ್ಸು. ಪಿಎಫ್ ದಾಖಲೆಯಲ್ಲಿ ಹುಟ್ಟಿದ ದಿನ 1-6-1965, ಆಧಾರ್‌ನಲ್ಲಿ 1-1-1967. ನಮ್ಮ ಭಾಗದ ಹಳ್ಳಿಗಳಲ್ಲಿ ಆ ತಲೆಮಾರಿನವರಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಲೆಕ್ಕವಿಲ್ಲದಷ್ಟು ಜನ. ಮಗುವನ್ನು ಶಾಲೆಗೆ ಹಚ್ಚುವ ದಿನ ಮಾಸ್ತರರು ಅಂದಾಜಿನ ವಯಸ್ಸು ಕೇಳಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಆಧಾರ್ ಮಾಡಿಸುವಾಗ ಕಾಗದ ತೋರಿಸದೆ ಬಾಯಿಮಾತಿನಲ್ಲಿ ವಯಸ್ಸು ಹೇಳಿದವರಿಗೆ ಜನವರಿ ಒಂದು ಬಿತ್ತು. ಕಾಕಾ ಅವರ ತಾಯಿ ಹೇಳುತ್ತಿದ್ದುದು ಮೂರನೆಯ ಲೆಕ್ಕ: ಸೀಗಿ ಹುಣ್ಣಿಮೆ ಕಳೆದ ವಾರದಲ್ಲಿ ಹುಟ್ಟಿದವನು ಎಂದು. ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿ 58 ವರ್ಷಕ್ಕೆ. ಒಂದು ಕಾಗದದ ಪ್ರಕಾರ ಅವರಿಗೆ 58 ತುಂಬಿತ್ತು, ಇನ್ನೊಂದರ ಪ್ರಕಾರ ಇನ್ನೂ 56. ಅರ್ಜಿ ಮುಂದಕ್ಕೆ ಹೋಗಲಿಲ್ಲ.

ಎರಡನೆಯದು ಹೆಸರು. ಪಿಎಫ್‌ನಲ್ಲಿ ಅವರ ಹೆಸರು ಮತ್ತು ತಂದೆಯ ಹೆಸರು ಮಾತ್ರ, ಆಧಾರ್‌ನಲ್ಲಿ ಅಡ್ಡಹೆಸರೂ ಸೇರಿದೆ. ಚಿಗವ್ವನದು ಇನ್ನೂ ತೊಡಕು. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರು ಇಡುವ ಪದ್ಧತಿ ಅವರಲ್ಲಿದೆ. ಪಿಎಫ್‌ನ ನಾಮನಿರ್ದೇಶನದಲ್ಲಿ ಗಂಡನ ಮನೆಯ ಹೆಸರು, ಆಧಾರ್ ಮತ್ತು ಬ್ಯಾಂಕಿನಲ್ಲಿ ತವರಿನ ಹೆಸರು. ಇದನ್ನು ಸಣ್ಣದೆಂದು ಬಿಟ್ಟಿದ್ದರೆ ಮುಂದೊಂದು ದಿನ ಆಕೆ ದೊಡ್ಡ ಕಷ್ಟಕ್ಕೆ ಸಿಲುಕುತ್ತಿದ್ದರು. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಬರುವುದು ಪಿಂಚಣಿಯ ಅರ್ಧ. ಆ ಅರ್ಧವನ್ನು ಕೇಳಲು ಹೋದಾಗ, ದಾಖಲೆಯಲ್ಲಿರುವ ಹೆಂಗಸು ತಾನೇ ಎಂದು ಸಾಬೀತು ಮಾಡುವ ಹೊಣೆ ವಿಧವೆಯ ಮೇಲೆ ಬೀಳುತ್ತದೆ. ಅಂಥ ಇಬ್ಬರು ತಾಯಂದಿರ ಅಲೆದಾಟವನ್ನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ಕಾಕಾ ಅವರ ಕೆಲಸಕ್ಕಿಂತ ಮೊದಲು ಚಿಗವ್ವನ ಹೆಸರಿನ ಕೆಲಸ ಹಿಡಿದೆ.

ಮೂರನೆಯ ಗಂಟು ಹದಿಮೂರು ವರ್ಷದ್ದು. ಪಿಎಫ್‌ಗೆ ಅವರು ಸೇರಿದ್ದು 1996ರ ಜೂನ್‌ನಲ್ಲಿ. ಅದಕ್ಕಿಂತ ಹಿಂದೆ ಹಾಜರಿಯ ಮೇಲಿನ ಆಳು ಎಂದು ಇಟ್ಟುಕೊಂಡಿದ್ದರು. ದಿನವೂ ಅದೇ ಬಾಗಿಲು, ಅದೇ ಕೆಲಸ, ಆದರೆ ಕಾಗದದ ಮೇಲೆ ಆ ಮನುಷ್ಯ ಇಲ್ಲ.

ಕಾಗದ ತಿದ್ದಿದ್ದು

ಮೊದಲ ಎರಡು ಗಂಟು ಬಿಡಿಸಲು ಬೇಕಾದದ್ದು ಓಡಾಟ ಮತ್ತು ಸಹನೆ. ಕಾಕಾ ಅವರ ಊರಿನ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿ, ಧೂಳು ಒರೆಸಿ, ತಾವೇ ಹಾಳೆ ತಿರುವಿ ಹುಡುಕಿಕೊಟ್ಟರು. ಆ ಪ್ರಮಾಣಪತ್ರ ಕೊಟ್ಟು ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಿಸಿದೆವು. ಸಾಮಾನ್ಯವಾಗಿ ಹುಟ್ಟಿದ ದಿನವನ್ನು ಒಮ್ಮೆ ಮಾತ್ರ ತಿದ್ದಲು ಅವಕಾಶ, ಹಾಗಾಗಿ ಕೇಂದ್ರದಲ್ಲಿ ಕೂತವರು ಟೈಪ್ ಮಾಡಿದ್ದನ್ನು ಕಾಕಾ ಮೂರು ಸಲ ಓದಿ ನೋಡಿದ ಮೇಲೆಯೇ ಒಪ್ಪಿಗೆ ಕೊಟ್ಟರು. ಪಿಎಫ್‌ನಲ್ಲಿ ಹೆಸರು ತಿದ್ದಲು ಆಗ ಕೆಲಸಗಾರ ಮತ್ತು ಮಾಲೀಕರು ಕೂಡಿ ಸಹಿ ಮಾಡುವ ಜಂಟಿ ಘೋಷಣೆ ಬೇಕಿತ್ತು. ಅದಕ್ಕೆ ಮುದ್ರಣಾಲಯದವರು ತಕರಾರು ಮಾಡದೆ ಸಹಿ ಹಾಕಿದರು. ಎರಡು ಸಲ ಅಣ್ಣಿಗೇರಿಯ ಮೇಲೆ ಬಸ್ ಹಿಡಿದು ಹುಬ್ಬಳ್ಳಿಗೂ ಹೋಗಿ ಬಂದೆವು.

ಪಿಂಚಣಿ ಎಷ್ಟು ಬರಬಹುದು ಎಂದು ಕಾಕಾ ಕೇಳಿದ್ದು ಅಂಥ ಒಂದು ಬಸ್ಸಿನಲ್ಲಿಯೇ. ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ ಎಂದರೆ ಕೊನೆಯ 60 ತಿಂಗಳ ಸರಾಸರಿ. ಆದರೆ 2014ರ ಆಗಸ್ಟ್‌ವರೆಗಿನ ಸೇವೆಗೆ ಅದರ ಮಿತಿ 6,500 ರೂಪಾಯಿ, ಸೆಪ್ಟೆಂಬರ್‌ನಿಂದ ಈಚಿನದಕ್ಕೆ 15,000. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟ ಸೇವೆಗೆ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ. ಕಾಕಾ ಅವರ ಸರಾಸರಿ 11,500ರ ಹತ್ತಿರ. ಹಿಂದಿನ 18 ವರ್ಷ, ಈಚಿನ 9 ವರ್ಷ ಕೂಡಿಸಿ ನೋಡಿದರೆ ತಿಂಗಳಿಗೆ ಸುಮಾರು 3,400 ರೂಪಾಯಿ. ನಾನು ಸಂಖ್ಯೆ ಹೇಳಿದ ಮೇಲೆ ಹುಲಕೋಟಿ ಬರುವವರೆಗೆ ಅವರು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು. ಇಳಿಯುವಾಗ, "ಜೋಳದ ಖರ್ಚು ಕಳೆಯುತ್ತದೆ" ಎಂದರು.

ಉಪದಾನ ಎಂಬ ಪದ

ಇಡೀ ಪ್ರಕರಣದ ತಿರುಳು ಇಲ್ಲಿದೆ. ಗ್ರ್ಯಾಚುಯಿಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣಕ್ಕೆ, ಸರಕಾರಿ ಕನ್ನಡದಲ್ಲಿ ಉಪದಾನ ಎನ್ನುತ್ತಾರೆ. ಆ ಪದದೊಳಗೆ ಕೂತಿರುವ ದಾನ ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಮಾಲೀಕರು ಮನಸ್ಸು ಬಂದರೆ ಕೊಡುವುದು ಎಂದೇ ಕಾಕಾ ತಿಳಿದಿದ್ದರು. ಆಗ ಜಾರಿಯಲ್ಲಿದ್ದ 1972ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಪೂರೈಸಿದವರಿಗೆ ಅದು ಹಕ್ಕಿನ ಹಣವಾಗಿತ್ತು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕಾಕಾ ಅವರ 13,000ಕ್ಕೆ ವರ್ಷವೊಂದಕ್ಕೆ ಸರಿಯಾಗಿ 7,500 ರೂಪಾಯಿ. ನಲವತ್ತು ವರ್ಷಕ್ಕೆ ಮೂರು ಲಕ್ಷ.

ಮುದ್ರಣಾಲಯದ ಲೆಕ್ಕಿಗರು ಜುಲೈಯಲ್ಲಿ ಕೊಟ್ಟ ಚೀಟಿಯಲ್ಲಿ ಇದ್ದುದು 2,02,500. ಇಪ್ಪತ್ತೇಳು ವರ್ಷದ ಲೆಕ್ಕ. "ನಮ್ಮ ದಾಖಲೆ ಪಿಎಫ್‌ನಿಂದ ಶುರುವಾಗುತ್ತದೆ, ಅದರ ಹಿಂದಿನದು ನಮಗೆ ತಿಳಿಯದು" ಎಂದರು. ಪಿಎಫ್‌ಗೆ ಸೇರಿದ ದಿನವೇ ಕೆಲಸಕ್ಕೆ ಸೇರಿದ ದಿನ ಎಂದು ಗ್ರ್ಯಾಚುಯಿಟಿ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಸೇವೆ ಎಂದರೆ ಸೇವೆ. ಕಾರ್ಮಿಕ ಇಲಾಖೆಯಲ್ಲಿ ಇದಕ್ಕೆಂದೇ ನಿಯಂತ್ರಣ ಪ್ರಾಧಿಕಾರಿ ಇರುತ್ತಾರೆ, ಅರ್ಜಿ ಹಾಕೋಣ ಎಂದೆ. ಕಾಕಾ ಒಪ್ಪಲಿಲ್ಲ. "ಉಂಡ ಮನೆಯ ಮೇಲೆ ಕಟ್ಟೆ ಹತ್ತುವುದು ನನ್ನಿಂದ ಆಗುವುದಿಲ್ಲ" ಎಂದರು. ಹಳೆಯ ಮಾಲೀಕರು ಅವರ ಮದುವೆಗೆ ಲಗ್ನಪತ್ರಿಕೆಯನ್ನು ಹಣ ಪಡೆಯದೆ ಅಚ್ಚು ಹಾಕಿಸಿಕೊಟ್ಟಿದ್ದರಂತೆ. ಅವರು ತೀರಿಹೋಗಿ ಬಹಳ ವರ್ಷಗಳಾಗಿವೆ. ಈಗ ಮಗ ನಡೆಸುತ್ತಾರೆ.

ಆ ದಿನ ನನಗೂ ಅವರಿಗೂ ಸ್ವಲ್ಪ ಮಾತಾಯಿತು. ಉಂಡದ್ದು ನಿಮ್ಮ ದುಡಿಮೆಯನ್ನು ಎಂದು ನಾನು ಬಿರುಸಾಗಿ ಹೇಳಿಬಿಟ್ಟೆ. ಅವರು ಎದ್ದು ಹೋದರು. ಒಂದು ವಾರ ಬರಲಿಲ್ಲ. ಆ ಎಂಟು ದಿನ ಅವರು ಎಂದಿನಂತೆ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು, ಮುದ್ರಣಾಲಯದ ಎದುರಿನ ಚಹಾ ಅಂಗಡಿಯಲ್ಲಿ ಕೂತು, ಹನ್ನೊಂದಕ್ಕೆ ಮರಳುತ್ತಿದ್ದರೆಂದು ಚಿಗವ್ವ ಹೇಳಿದರು. "ಹಗಲು ಹೊತ್ತು ಮನೆಯಲ್ಲಿ ಅವರನ್ನು ಕಂಡು ನನಗೆ ರೂಢಿಯಿಲ್ಲ. ಅವರಿಗೂ ಈ ಮನೆ ಹಗಲಿನಲ್ಲಿ ಹೇಗಿರುತ್ತದೆ ಎಂಬುದು ಗೊತ್ತಿಲ್ಲ" ಎಂದು ರೊಟ್ಟಿ ಬಡಿಯುತ್ತ ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಅವರು ಒಂದು ಖಾನಾವಳಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಾರೆ. ಅವರಿಗೆ ನಿವೃತ್ತಿ ಇಲ್ಲ.

ಕಾಕಾ ಎಂಟನೆಯ ದಿನ ಬಂದಾಗ ಹೇಳಿದ್ದು ಹಣದ ಮಾತಲ್ಲ. "ಹಣ ಹೋದರೆ ಹೋಗಲಿ. ಆದರೆ ಆ ಹದಿಮೂರು ವರ್ಷ ನಾನು ಮೊಳೆ ಜೋಡಿಸಿದ ವರ್ಷ. ಅವು ಇರಲೇ ಇಲ್ಲ ಎಂದರೆ ಹೇಗೆ?"

ಆಗ ನನಗೆ ಬೋನಸ್ ನೆನಪಾಯಿತು. ಆಗಿನ ಬೋನಸ್ ಕಾನೂನು 1965ರದು. ಅದರ ಪ್ರಕಾರ ಇಡಬೇಕಾಗಿದ್ದ ರಿಜಿಸ್ಟರಿನಲ್ಲಿ ಪ್ರತಿ ಕೆಲಸಗಾರನ ಹೆಸರಿನ ಮುಂದೆ ಆ ವರ್ಷ ಎಷ್ಟು ದಿನ ದುಡಿದ ಎಂಬ ಕಲಂ ಇರುತ್ತಿತ್ತು. ಹಾಜರಿಯ ಆಳುಗಳಿಗೂ ದೀಪಾವಳಿಗೆ ಬೋನಸ್ ಕೊಡುತ್ತಿದ್ದರೇ ಎಂದು ಕೇಳಿದೆ. "ಕೊಡುತ್ತಿದ್ದರು. ಸಾಲಾಗಿ ನಿಲ್ಲಿಸಿ ಸಹಿ ಮಾಡಿಸಿಕೊಳ್ಳುತ್ತಿದ್ದರು" ಎಂದರು. ಅರ್ಜಿಯೂ ಬೇಡ, ದೂರೂ ಬೇಡ, ಹಳೆಯ ರಿಜಿಸ್ಟರ್ ನೋಡಲು ಅನುಮತಿ ಕೇಳಿ ಬರೋಣ ಎಂದಾಗ ಹೊರಟುನಿಂತರು.

ಮಾಲೀಕರು ಇಲ್ಲವೆನ್ನಲಿಲ್ಲ. ಹಿಂದಿನ ಗೋದಾಮಿನಲ್ಲಿ ಹಳೆಯ ಪಂಚಾಂಗಗಳ ಕಟ್ಟುಗಳ ಕೆಳಗೆ ರಿಜಿಸ್ಟರುಗಳಿದ್ದವು. ಕೆಲವನ್ನು ಗೆದ್ದಲು ತಿಂದಿತ್ತು. ಮೂರು ಭಾನುವಾರ ಹುಡುಕಿದೆವು. ಸೆಪ್ಟೆಂಬರಿನ ಒಂದು ಮಧ್ಯಾಹ್ನ 1983–84ರ ಬೋನಸ್ ರಿಜಿಸ್ಟರ್ ಸಿಕ್ಕಿತು. ನಾನು ನನ್ನ ಕಡೆಗೆ ತಿರುಗಿಸಿಕೊಂಡು ಮೇಲಿನಿಂದ ಒಂದೊಂದೇ ಹೆಸರು ಓದುತ್ತಿದ್ದೆ. ಮೇಜಿನ ಆ ಬದಿಗೆ ನಿಂತಿದ್ದ ಕಾಕಾ, ನಾನಿನ್ನೂ ನಾಲ್ಕನೆಯ ಸಾಲಿನಲ್ಲಿರುವಾಗಲೇ, ತಲೆಕೆಳಗಾಗಿದ್ದ ಹಾಳೆಯ ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟರು. ಅವರ ಹೆಸರು. ದುಡಿದ ದಿನಗಳು 246. ಕೊನೆಯಲ್ಲಿ ಹದಿನೆಂಟು ವರ್ಷದ ಹುಡುಗನ ದುಂಡನೆಯ ಸಹಿ.

ಮಾಲೀಕರೂ ಅಲ್ಲಿಯೇ ಇದ್ದರು. ರಿಜಿಸ್ಟರಿನ ಕೆಳಗೆ ಅವರ ತಂದೆಯ ಸಹಿ ಇತ್ತು. ಅದನ್ನು ಬಹಳ ಹೊತ್ತು ನೋಡಿದರು. ಮುಂದಿನ ವರ್ಷಗಳ ರಿಜಿಸ್ಟರುಗಳಲ್ಲಿ ಏಳು ಸಿಕ್ಕವು, ಎಲ್ಲದರಲ್ಲಿಯೂ ಕಾಕಾ ಇದ್ದರು. ಲೆಕ್ಕಿಗರು ಹೊಸ ಚೀಟಿ ಬರೆದರು: ಸೇವೆ 40 ವರ್ಷ, ಮೊತ್ತ 3,00,000.

ಹಣ ಬಂದದ್ದು ಡಿಸೆಂಬರಿನಲ್ಲಿ. ಮೂವತ್ತು ದಿನದೊಳಗೆ ಕೊಡದಿದ್ದರೆ ಸರಳ ಬಡ್ಡಿ ಸೇರಿಸಬೇಕು ಎಂದು ಕಾನೂನು ಹೇಳುತ್ತದೆ. ಕಾಕಾ ಬಡ್ಡಿ ಕೇಳಲಿಲ್ಲ, ನನ್ನನ್ನೂ ಕೇಳಗೊಡಲಿಲ್ಲ. ಇದು ತಪ್ಪೆಂದೇ ಈಗಲೂ ನನ್ನ ಅಭಿಪ್ರಾಯ. 1996ಕ್ಕಿಂತ ಹಿಂದಿನ ಪಿಎಫ್ ಮತ್ತು ಪಿಂಚಣಿಯ ಮಾತನ್ನೂ ಅವರು ಎತ್ತಲಿಲ್ಲ. ಆ ನಷ್ಟ ಹಾಗೆಯೇ ಉಳಿಯಿತು.

ಹಣ ಕೈಗೆ ಬಂದ ಮೇಲೆ

ಪಿಎಫ್ 5,20,000 ನವೆಂಬರಿನಲ್ಲಿಯೇ ಬಂದಿತ್ತು. ಒಟ್ಟು 8,20,000. ಸುದ್ದಿ ಓಣಿಗೆ ಹೇಗೆ ಹಬ್ಬಿತೋ, ಒಂದು ಪತ್ತಿನ ಸಂಘದ ಪ್ರತಿನಿಧಿ ಹೆಚ್ಚಿನ ಬಡ್ಡಿಯ ಮಾತು ಹೇಳಿಕೊಂಡು ಎರಡು ಸಲ ಬಂದುಹೋದರು. ಸರಕು ಸಾಗಿಸುವ ಗಾಡಿ ಕೊಳ್ಳುವ ಆಸೆ ಮಗನಿಗೆ.

ಸಹಕಾರದ ಬಗ್ಗೆ ನನಗೆ ಗೌರವವಿದೆ. 1905ರಲ್ಲಿ ದೇಶದ ಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದು ನಮ್ಮ ಪಕ್ಕದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆದರೂ ಒಂದು ಮಾತನ್ನು ಕಾಕಾ ಅವರಿಗೆ ಬಿಡಿಸಿ ಹೇಳಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅದು ಸಹಕಾರಿ ಬ್ಯಾಂಕಾದರೂ, ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ನಲವತ್ತು ವರ್ಷಕ್ಕೊಮ್ಮೆ ಬರುವ ಹಣವನ್ನು ವಿಮೆಯಿಲ್ಲದ ಕಡೆ ಇಡಬಾರದು. ಮಗನಿಗೆ ಕಾಕಾ ತಾವೇ ಉತ್ತರ ಕೊಟ್ಟರು: ಗಾಡಿಗೆ ಬ್ಯಾಂಕು ಸಾಲ ಕೊಡುತ್ತದೆ, ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ. ಮಗ ಕೆಲವು ದಿನ ಮುನಿಸಿಕೊಂಡಿದ್ದ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ತುಂಬಿದವರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. 55 ದಾಟಿ ನಿವೃತ್ತರಾದವರೂ ನಿವೃತ್ತಿಯ ಹಣವನ್ನು ಅದರಲ್ಲಿ ಇಡಬಹುದು. ಹಣ ಬಂದ ಒಂದು ತಿಂಗಳೊಳಗೆ ಇಡಬೇಕು ಎಂಬ ನಿಯಮ 2023ರ ನವೆಂಬರಿನಲ್ಲಿ ಮೂರು ತಿಂಗಳಿಗೆ ಸಡಿಲವಾದದ್ದು ನಮಗೆ ಅನುಕೂಲವಾಯಿತು. ಆರು ಲಕ್ಷವನ್ನು ಶೇ. 8.2ರ ಬಡ್ಡಿಗೆ ಐದು ವರ್ಷಕ್ಕೆ ಇಟ್ಟರು. ಮೂರು ತಿಂಗಳಿಗೊಮ್ಮೆ 12,300 ರೂಪಾಯಿ ಬರುತ್ತದೆ. ಉಳಿದುದರಲ್ಲಿ 85,000 ಕೊಟ್ಟು ಚಿಗವ್ವನ ಬಂಗಾರ ಬಿಡಿಸಿದರು, ಮಿಕ್ಕದ್ದು ಬ್ಯಾಂಕಿನಲ್ಲಿದೆ. ಪಿಂಚಣಿಯ ಆದೇಶ ಜನವರಿಯಲ್ಲಿ ಬಂತು, ಜೂನ್‌ನಿಂದ ಆಚೆಗಿನ ಬಾಕಿಯೂ ಬಂತು. ಅದರಲ್ಲಿ ಚಿಗವ್ವನ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆ. ಪಿಂಚಣಿ ಮತ್ತು ಬಡ್ಡಿ ಸೇರಿ ತಿಂಗಳಿಗೆ 7,500, ಮೊದಲಿನ ಸಂಬಳದ ಅರ್ಧದಷ್ಟು. ಉಳಿದರ್ಧಕ್ಕೆ ಚಿಗವ್ವನ ರೊಟ್ಟಿ ಇದೆ.

ಸೇವಾ ಪ್ರಮಾಣಪತ್ರವನ್ನು ಮುದ್ರಣಾಲಯದವರು ಸ್ವಂತ ಯಂತ್ರದಲ್ಲಿಯೇ ಅಚ್ಚು ಹಾಕಿಸಿ ಕೊಟ್ಟರು. ಕಾಕಾ ಅದನ್ನು ಬೆಳಕಿಗೆ ಹಿಡಿದು ಓದಿ, ಎರಡನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ತೋರಿಸಿದರು. ಮತ್ತೆ ಅಚ್ಚು ಹಾಕಿದರು. "1983 ಜೂನ್‌ನಿಂದ 2023 ಮೇ 31ರವರೆಗೆ" ಎಂದು ಅದರಲ್ಲಿದೆ.

ಅದನ್ನು ತರಲು ಹೋದ ದಿನ ಕಾಕಾ ಮಾಲೀಕರಲ್ಲಿ ಒಂದು ಮಾತು ಕೇಳಿಕೊಂಡರು. ತೊಂಬತ್ತಾರಕ್ಕಿಂತ ಮೊದಲು ಸೇರಿದವರು ಬೈಂಡಿಂಗ್ ವಿಭಾಗದಲ್ಲಿ ಇನ್ನೂ ಮೂವರಿದ್ದಾರೆ, ಗೋದಾಮಿನ ರಿಜಿಸ್ಟರುಗಳನ್ನು ರದ್ದಿಗೆ ಹಾಕಬೇಡಿ ಎಂದು. ಮಾಲೀಕರು ಕಚೇರಿಯ ಬೀರುವಿನ ಕೆಳಗಿನ ಅರೆಯನ್ನು ಖಾಲಿ ಮಾಡಿಸಿಕೊಟ್ಟರು. ಕಾಕಾ ನಾಲ್ಕು ದಿನ ಒಂಬತ್ತಕ್ಕೆ ಹೋಗಿ, ಗೆದ್ದಲು ಜಾಡಿಸಿ, ಬೆನ್ನು ಬಿಚ್ಚಿದ ಪುಸ್ತಕಗಳನ್ನು ಹೊಲಿದು, ದಪ್ಪ ಹಾಳೆಯ ಹೊದಿಕೆ ಹಾಕಿ, ಒಂದೊಂದರ ಬೆನ್ನಿನ ಮೇಲೂ ಇಸವಿ ಬರೆದು ಸಾಲಾಗಿ ಜೋಡಿಸಿ ಬಂದರು.